ಬಿಚ್ಚಿ ಹೊಲಿಯಬೇಕಾದದ್ದು ಬಟ್ಟೆಯನ್ನು

ಮೊನ್ನೆ ಮದುಮಗಳೊಬ್ಬಳು ಬ್ಲೌಸ್ ಅಳತೆ ಕೊಡಲು ಬಂದಳು. ಟೇಪು ಸುತ್ತುವ ಮೊದಲೇ, “ಆಂಟಿ, ಎರಡಿಂಚು ಕಡಿಮಿ ಹಿಡೀರಿ, ಮದುವಿಯೊಳಗ ಇಳಸ್ತೀನಿ” ಎಂದಳು. ಧಾರವಾಡದಲ್ಲಿ ಮೂವತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ಈಗೀಗ ಈ ಮಾತು ದಿನಾ ಕೇಳುತ್ತೇನೆ.

ನಮ್ಮಜ್ಜಿ ತೊಡುತ್ತಿದ್ದದ್ದು ಗುಳೇದಗುಡ್ಡದ ಖಣದ ಕುಪ್ಪಸ. ಒಳಗೆ ಬೇರೇನೂ ಇಲ್ಲ, ಎದೆಯ ಕೆಳಗೊಂದು ಗಂಟು ಅಷ್ಟೆ. ಬಸಿರು, ಬಾಣಂತನ, ಮುಪ್ಪು ಯಾವುದೇ ಬರಲಿ, ಗಂಟು ಮೈಯ ಮಾತು ಕೇಳುತ್ತಿತ್ತು. ಅವ್ವನ ಕಾಲಕ್ಕೆ ಹತ್ತಿಬಟ್ಟೆಯ ‘ಬಾಡಿ’ ಬಂತು. ಅದನ್ನು ಹಗ್ಗದ ಮೇಲೆ ಸೀರೆಯ ಮರೆಯಲ್ಲೇ ಒಣಹಾಕಬೇಕು. ಈಗ ಬ್ಲೌಸಿನೊಳಗೆ ಸ್ಪಂಜಿನ ಕಪ್ ಇಟ್ಟು ಹೊಲಿಯುವವಳು ನಾನೇ. ಲಂಗದ ಜಾಗದಲ್ಲಿ ಮೈಗಂಟಿದ ಶೇಪ್‌ವೇರ್ ಬಂದಿದೆ.

ಯುರೋಪಿನ ಹೆಂಗಸರೂ ತಿಮಿಂಗಿಲದ ಬಾಯೊಳಗಿನ ಪಟ್ಟಿ, ಉಕ್ಕಿನ ಕಡ್ಡಿ ಸೇರಿಸಿದ ಕಾರ್ಸೆಟ್ ಬಿಗಿದುಕೊಂಡವರೇ. 1914ರಲ್ಲಿ ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಹಗುರವಾದ ಬ್ರಾಗೆ ಪೇಟೆಂಟ್ ಪಡೆದಳು; ಎರಡು ಕರವಸ್ತ್ರ, ತುಸು ರಿಬ್ಬನ್, ಅದರ ಹುಟ್ಟು ಅಷ್ಟರಲ್ಲೇ. 1920ರ ದಶಕದಲ್ಲಿ ಚಪ್ಪಟೆ ಎದೆ ಚಂದವಾಯಿತು. 1947ರಲ್ಲಿ ವಸ್ತ್ರವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಮತ್ತೆ ಸಣ್ಣ ಸೊಂಟ ತಂದ. ಅಷ್ಟರೊಳಗೆ ಹೆಂಗಸರ ಎಲುಬೇನೂ ಬದಲಾಗಿರಲಿಲ್ಲ. ಬದಲಾದದ್ದು ಅಂಗಡಿಯ ಗೊಂಬೆ.

ಒಳ ಉಡುಪು ಬೇಡವೆನ್ನುತ್ತಿಲ್ಲ. ಆಧಾರ ಬೇಕಾದವರು ತೊಡಲಿ, ನಾನೂ ತೊಡುತ್ತೇನೆ. ಸಂಜೆ ಮನೆಗೆ ಬಂದು ಕಳಚಿದಾಗ ಮೈಮೇಲೆ ಕೆಂಪು ಬರೆ ಉಳಿದರೆ ಮಾತ್ರ, ತಪ್ಪು ಮೈಯದಲ್ಲ, ಅಳತೆಯದು.

ಆ ಹುಡುಗಿಗೆ ಇದ್ದ ಅಳತೆಗೇ ಹೊಲಿದೆ. ಒಳಗೆ ಎರಡಿಂಚು ಬಟ್ಟೆಯನ್ನೂ ಉಳಿಸಿದ್ದೇನೆ. ನಾಳೆ ಅವಳು ದಪ್ಪಗಾದರೆ ಬಿಚ್ಚಲಿಕ್ಕೆ.