ಬೀಳುವ ವಿಮಾನದ ಗುಂಡಿಗೂ ಲೆಕ್ಕವಿದೆ

ಎರಡು ವಿಮಾನಗಳು ಎದುರುಬದುರಾಗಿ ಒಂದೇ ಕ್ಷಣದಲ್ಲಿ ಗುಂಡು ಹಾರಿಸುತ್ತವೆ. ಒಂದರ ಏಟಿಗೆ ಇನ್ನೊಂದು ಉರುಳುತ್ತದೆ. ಉರುಳಿದ ವಿಮಾನ ಹಾರಿಸಿದ ಗುಂಡು ಲೆಕ್ಕಕ್ಕಿದೆಯೇ? ಇದೊಂದು ಪ್ರಶ್ನೆಗೆ ನಮ್ಮ ಹಾಸ್ಟೆಲ್‌ನ ಇಬ್ಬರು ಗೆಳೆಯರು ವಾರವಿಡೀ ಮಾತು ಬಿಟ್ಟಿದ್ದರು.

ಆಟದ ಹೆಸರು ‘ವಿಂಗ್ಸ್ ಆಫ್ ಗ್ಲೋರಿ’. 2004ರಲ್ಲಿ ಇಟಲಿಯಲ್ಲಿ ‘ವಿಂಗ್ಸ್ ಆಫ್ ವಾರ್’ ಎಂದು ಹುಟ್ಟಿದ ಆಟವೇ ಇದು. ಮೊದಲ ಮಹಾಯುದ್ಧದ ವಿಮಾನಗಳ ಕಾದಾಟ. ದಾಳವಿಲ್ಲ, ಎಲ್ಲವೂ ಕಾರ್ಡು. ಮೂರು ಚಲನೆಗಳನ್ನು ಗುಟ್ಟಾಗಿ ಆರಿಸಿಟ್ಟು, ಒಂದೊಂದನ್ನೇ ಎಲ್ಲರೂ ಒಟ್ಟಿಗೆ ತೆರೆಯಬೇಕು. ಗುರಿಗೆ ಸಿಕ್ಕವನು ದೂರವಿದ್ದರೆ ಒಂದು, ಹತ್ತಿರವಿದ್ದರೆ ಎರಡು ಹಾನಿ ಕಾರ್ಡು ಎಳೆಯಬೇಕು.

‘ಸತ್ತವನು ಹೇಗೋ ಗುಂಡು ಹಾರಿಸ್ತಾನೆ?’ ಎನ್ನುವುದು ಒಬ್ಬನ ವಾದ. ಕೇಳಲು ಸರಿ ಎನಿಸುತ್ತದೆ. ಆದರೆ ಹಾರಿಸುವಾಗ ಅವನು ಬದುಕಿದ್ದನಲ್ಲ! ನಿಯಮದ ಪ್ರಕಾರ ಗುಂಡಿನ ದಾಳಿ ಏಕಕಾಲಕ್ಕೆ ನಡೆಯುತ್ತದೆ. ಇಬ್ಬರೂ ಒಟ್ಟಿಗೆ ಬೀಳಬಹುದು. ಕಾರ್ಡನ್ನು ಯಾರು ಮೊದಲು ಎಳೆದರು ಎಂಬುದು ನಮ್ಮ ಕೈಯ ಅನುಕೂಲ ಅಷ್ಟೆ. ಅದನ್ನೇ ಘಟನೆಯ ಕ್ರಮ ಎಂದುಕೊಂಡರೆ, ಕಾರ್ಡಿನ ಕಟ್ಟಿನಿಂದ ದೂರ ಕುಳಿತವನು ಗೆದ್ದಂತೆ. ವೆರಿಲಾಗ್ ಓದಿದ ಇಲೆಕ್ಟ್ರಾನಿಕ್ಸ್ ಗೆಳೆಯರಿಗೆ ನಾನ್-ಬ್ಲಾಕಿಂಗ್ ಅಸೈನ್‌ಮೆಂಟ್ ನೆನಪಾಗಬಹುದು. ಬಲಬದಿಯ ಬೆಲೆಗಳನ್ನೆಲ್ಲ ಮೊದಲು ಓದಿಕೊಂಡು, ಆಮೇಲೆ ಒಟ್ಟಿಗೆ ಬದಲಾಯಿಸುತ್ತದೆ. ಇಲ್ಲೂ ಅದೇ ತರ್ಕ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ನಿಯಮ ಇನ್ನೊಂದಿದೆ. ಹಾನಿ ಕಾರ್ಡಿನ ಅಂಕಿಯನ್ನು ಪೆಟ್ಟು ತಿಂದವನು ಮಾತ್ರ ನೋಡುತ್ತಾನೆ. ಸೊನ್ನೆ ಅಂಕಿಯ ಕಾರ್ಡೂ ಇರುವುದರಿಂದ ಐದು ಕಾರ್ಡು ಹಿಡಿದವನು ಗಟ್ಟಿಯಾಗಿರಬಹುದು, ಎರಡು ಹಿಡಿದವನು ಬೀಳುವ ಅಂಚಿನಲ್ಲಿರಬಹುದು. ಒಟ್ಟು ಅಂಕಿ ವಿಮಾನದ ಮಿತಿ ಮುಟ್ಟಿದಾಗ ‘ನಾನು ಬಿದ್ದೆ’ ಎಂದು ಅವನೇ ಹೇಳಬೇಕು. ಗ್ರಾಫ್ ಮೊದಲು ಎಳೆದು ರೀಡಿಂಗ್ ಆಮೇಲೆ ಬರೆಯುವ ಲ್ಯಾಬ್ ಸಂಸ್ಕೃತಿ ಗೊತ್ತಿರುವ ನಮಗೆ ಇದು ಸಣ್ಣ ಬೇಡಿಕೆಯೇನಲ್ಲ.

ಆ ಗುಟ್ಟಿಗೆ ಕಾರಣವೂ ಇದೆ. ಆಗಿನ ಪೈಲಟ್‌ಗೆ ಎದುರಾಳಿಯ ಎಂಜಿನ್‌ಗೆ ಎಷ್ಟು ಪೆಟ್ಟಾಗಿದೆ ಎಂದು ತಿಳಿಯುತ್ತಿರಲಿಲ್ಲ. ಕೋಲ್ಕತ್ತದಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ 1918ರ ಜುಲೈನಲ್ಲಿ ಎರಡು ವಾರದೊಳಗೆ ಹತ್ತು ಗೆಲುವು ಪಡೆದು, 22ರಂದು ಫ್ರಾನ್ಸ್‌ನ ಆಕಾಶದಲ್ಲಿ ಮಡಿದ. ವಯಸ್ಸು 19. ನನಗಿಂತ ಒಂದು ವರ್ಷ ಚಿಕ್ಕವ.

ಬಂದೂಕು ಕಚ್ಚಿಕೊಳ್ಳುವ ಚಿಹ್ನೆಯ ಕಾರ್ಡು ಬಂದರೂ ಜಗಳ ತಪ್ಪದು. ಆ ಕಾರ್ಡನ್ನು ಎಳೆಯುವವನು ಪೆಟ್ಟು ತಿಂದವನು, ಕಚ್ಚಿಕೊಳ್ಳುವುದು ಹೊಡೆದವನ ಬಂದೂಕು. ಆದರೂ ಆಗಷ್ಟೇ ಹಾರಿದ ಗುಂಡಿನ ಹಾನಿ ಉಳಿಯುತ್ತದೆ, ಬಂದೂಕು ಮೂಕವಾಗುವುದು ಆಮೇಲೆ. ತಮಾಷೆಯೆಂದರೆ, ‘ನಿನ್ನ ಬಂದೂಕು ಕಚ್ಚಿಕೊಂಡಿತು’ ಎಂದು ಎಲ್ಲರೂ ಕೂಗಿಯೇ ಹೇಳುತ್ತಾರೆ. ‘ನಾನು ಬಿದ್ದೆ’ ಎನ್ನುವಾಗಲೇ ದನಿ ಇಳಿಯುವುದು.