ಲಸಿಕೆಗಳ ಬಾಳಿಕೆ ಅವಧಿ ವಿಸ್ತರಣೆ: ಲೇಬಲ್‌ನ ದಿನಾಂಕ ಮತ್ತು ಸಾರ್ವಜನಿಕರ ವಿಶ್ವಾಸ

ಹಿನ್ನೆಲೆ

ದೇಶದಲ್ಲಿ 15ರಿಂದ 18 ವರ್ಷ ವಯೋಮಾನದವರಿಗೆ ಕೋವಿಡ್-19 ಲಸಿಕೆ ನೀಡುವ ಕಾರ್ಯಕ್ರಮವು ದಿನಾಂಕ 3.1.2022ರಂದು ಆರಂಭಗೊಂಡಿತು. ಈ ವಯೋಮಾನದವರಿಗೆ ಆಗ ನಿಗದಿಪಡಿಸಲಾಗಿದ್ದುದು ಕೋವ್ಯಾಕ್ಸಿನ್ ಲಸಿಕೆ ಮಾತ್ರ. ಆ ಸಂದರ್ಭದಲ್ಲಿ, ಲೇಬಲ್‌ನಲ್ಲಿ ನಮೂದಾದ ಅವಧಿ ಕಳೆದ ಲಸಿಕೆಯನ್ನು ಮಕ್ಕಳಿಗೆ ಹಾಕಲಾಗುತ್ತಿದೆ ಎಂಬ ಆಕ್ಷೇಪ ಕೇಳಿಬಂದಿತು. ಈ ವರದಿಗಳು ತಪ್ಪು ಮಾಹಿತಿಯಿಂದ ಕೂಡಿವೆ ಎಂದು ಕೇಂದ್ರ ಆರೋಗ್ಯ ಸಚಿವಾಲಯವು ಅದೇ ದಿನ ಸ್ಪಷ್ಟಪಡಿಸಿತು. ಕೋವ್ಯಾಕ್ಸಿನ್‌ನ ಬಾಳಿಕೆ ಅವಧಿಯನ್ನು ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು ದಿನಾಂಕ 25.10.2021ರಂದೇ 9 ತಿಂಗಳಿಂದ 12 ತಿಂಗಳಿಗೆ ವಿಸ್ತರಿಸಿದೆ ಎಂಬುದು ಸಚಿವಾಲಯದ ವಿವರಣೆಯಾಗಿತ್ತು.

ಪೋಷಕರು ಕಂಡ ದಿನಾಂಕವೂ ನಿಜ, ವಿಸ್ತರಣೆಯ ಆದೇಶವೂ ನಿಜ. ಆದರೆ ಆದೇಶದ ವಿಷಯವು ಮಗುವನ್ನು ಕರೆತಂದ ಪೋಷಕರಿಗೆ ಮೊದಲೇ ತಿಳಿದಿರಲಿಲ್ಲ. ಔಷಧವನ್ನು ಕೊಳ್ಳುವ ಮುನ್ನ ದಿನಾಂಕ ನೋಡಿರಿ ಎಂದು ಜನರಿಗೆ ಹಲವು ವರ್ಷಗಳಿಂದ ತಿಳಿಹೇಳಲಾಗಿದೆ. ಅದರಂತೆ ನಡೆದುಕೊಂಡವರನ್ನು ದೂಷಿಸುವಂತಿಲ್ಲ. ಆದುದರಿಂದ ಈ ದಿನಾಂಕವನ್ನು ಯಾರು, ಯಾವ ಆಧಾರದ ಮೇಲೆ ನಿಗದಿಪಡಿಸುತ್ತಾರೆ ಹಾಗೂ ಅದು ಹೇಗೆ ಬದಲಾಗುತ್ತದೆ ಎಂಬುದನ್ನು ನಾಗರಿಕರು ಅರಿತಿರುವುದು ಅವಶ್ಯಕ.

ಬಾಳಿಕೆ ಅವಧಿ ಎಂದರೇನು?

ನಿಗದಿತ ಉಷ್ಣಾಂಶದಲ್ಲಿ ಸಂಗ್ರಹಿಸಿದಾಗ ಲಸಿಕೆಯು ತನ್ನ ಶಕ್ತಿ, ಶುದ್ಧತೆ ಹಾಗೂ ಸುರಕ್ಷತೆಯನ್ನು ಉಳಿಸಿಕೊಳ್ಳುತ್ತದೆ ಎಂದು ಪರೀಕ್ಷೆಗಳಿಂದ ಸಿದ್ಧಪಟ್ಟ ಕಾಲಾವಧಿಯೇ ಬಾಳಿಕೆ ಅವಧಿ. ಅದು ಮುಗಿದ ಮರುದಿನವೇ ಲಸಿಕೆ ವಿಷವಾಗುತ್ತದೆ ಎಂದು ಇದರ ಅರ್ಥವಲ್ಲ. ಅಲ್ಲಿಂದ ಮುಂದಕ್ಕೆ ಅದು ಸರಿಯಾಗಿದೆ ಎಂದು ಹೇಳಲು ಪುರಾವೆ ಇಲ್ಲ ಎಂದು ಅರ್ಥ. ಪುರಾವೆ ಇಲ್ಲದ ಲಸಿಕೆಯನ್ನು ಬಳಸುವಂತಿಲ್ಲ. ಶಕ್ತಿ ಕುಂದಿದ ಲಸಿಕೆ ಪಡೆದವರು ತಮಗೆ ರಕ್ಷಣೆ ದೊರೆತಿದೆ ಎಂದು ನಂಬಿ ರೋಗಕ್ಕೆ ತುತ್ತಾಗುವ ಸಂಭವವೇ ಇಲ್ಲಿನ ಮುಖ್ಯ ಅಪಾಯ.

ಔಷಧ ನಿಯಮಗಳು, 1945ರ ನಿಯಮ 96ರಂತೆ ಈ ದಿನಾಂಕವನ್ನು ತಿಂಗಳು ಹಾಗೂ ವರ್ಷಗಳಲ್ಲಿ ನಮೂದಿಸಲಾಗುತ್ತದೆ. ನಮೂದಿಸಿದ ತಿಂಗಳ ಕೊನೆಯ ದಿನದವರೆಗೆ ಔಷಧವನ್ನು ಬಳಸಬಹುದಾಗಿದೆ. ಅವಧಿ ಮುಗಿದ ಔಷಧಗಳ ಮಾರಾಟವನ್ನು ಇದೇ ನಿಯಮಗಳು ನಿಷೇಧಿಸುತ್ತವೆ.

ಅವಧಿ ಬದಲಾಗಲು ಕಾರಣ

ಹಳೆಯ ಲಸಿಕೆಗಳಿಗೆ ಹಲವು ವರ್ಷಗಳ ಪರೀಕ್ಷಾ ದಾಖಲೆಗಳಿರುತ್ತವೆ. ಹೊಸ ಲಸಿಕೆಗಳಿಗೆ ಆ ಅನುಕೂಲವಿಲ್ಲ. ಲಸಿಕೆಯನ್ನು ಒಂದು ವರ್ಷ ಇಟ್ಟು ನೋಡಲು ಒಂದು ವರ್ಷವೇ ಬೇಕು. ಕೋವಿಶೀಲ್ಡ್ ಹಾಗೂ ಕೋವ್ಯಾಕ್ಸಿನ್‌ಗಳಿಗೆ ದಿನಾಂಕ 3.1.2021ರಂದು ತುರ್ತು ಬಳಕೆಗೆ ಅನುಮತಿ ದೊರೆತಾಗ ಲಭ್ಯವಿದ್ದ ದಾಖಲೆಗಳು ಕೆಲವೇ ತಿಂಗಳುಗಳವು. ಆದ್ದರಿಂದ ಮೊದಲು ಅಲ್ಪ ಅವಧಿಯನ್ನು ನೀಡಿ, ಪುರಾವೆ ದೊರೆತಂತೆ ವಿಸ್ತರಿಸುವ ಕ್ರಮವನ್ನು ಅನುಸರಿಸಲಾಯಿತು. ಅಮೆರಿಕದಲ್ಲಿಯೂ ಜಾನ್ಸೆನ್ ಲಸಿಕೆಯ ಅವಧಿಯನ್ನು 2021ರ ಜೂನ್‌ನಲ್ಲಿ 3 ತಿಂಗಳಿಂದ ನಾಲ್ಕೂವರೆ ತಿಂಗಳಿಗೆ, ಜುಲೈನಲ್ಲಿ 6 ತಿಂಗಳಿಗೆ ಹೆಚ್ಚಿಸಲಾಯಿತು.

ವಿಸ್ತರಣೆಗಾಗಿ ತಯಾರಕರು ಲಸಿಕೆಯ ಮಾದರಿಗಳನ್ನು ನಿಗದಿತ ಉಷ್ಣಾಂಶದಲ್ಲಿ ಇರಿಸಿ, ನಿರ್ದಿಷ್ಟ ಅಂತರಗಳಲ್ಲಿ ಪರೀಕ್ಷಿಸಿ, ಫಲಿತಾಂಶಗಳನ್ನು ನಿಯಂತ್ರಣ ಸಂಸ್ಥೆಗೆ ಸಲ್ಲಿಸಬೇಕು. ಸಂಸ್ಥೆಯು ಅವುಗಳನ್ನು ಪರಿಶೀಲಿಸಿ ಆದೇಶ ಹೊರಡಿಸುತ್ತದೆ. ಆಸ್ಪತ್ರೆಗಾಗಲಿ, ಔಷಧ ಅಂಗಡಿಗಾಗಲಿ, ಉಗ್ರಾಣಕ್ಕಾಗಲಿ ತಾನೇ ದಿನಾಂಕವನ್ನು ಬದಲಾಯಿಸುವ ಅಧಿಕಾರವಿಲ್ಲ.

ಎರಡು ಆದೇಶಗಳು, ಎರಡು ಪರಿಣಾಮಗಳು

ಕೋವಿಶೀಲ್ಡ್‌ನ ಅವಧಿಯನ್ನು ದಿನಾಂಕ 22.2.2021ರಂದು 6 ತಿಂಗಳಿಂದ 9 ತಿಂಗಳಿಗೆ ವಿಸ್ತರಿಸಲಾಯಿತು. ತಯಾರಕರ ಬಳಿ ಲೇಬಲ್ ಅಂಟಿಸದೆ ಉಳಿದಿದ್ದ ವಯಲ್‌ಗಳಿಗೆ ಹೊಸ ಅವಧಿಯನ್ನು ನಮೂದಿಸಲು ಆಗ ಅವಕಾಶ ನೀಡಲಾಯಿತು. ಅಂತಹ ವಯಲ್‌ಗಳು ಹೊಸ ದಿನಾಂಕದೊಂದಿಗೇ ಹೊರಬರುವುದರಿಂದ ಜನರಲ್ಲಿ ಗೊಂದಲಕ್ಕೆ ಎಡೆಯಿರುವುದಿಲ್ಲ. ಕೋವ್ಯಾಕ್ಸಿನ್‌ನ ವಿಷಯ ಬೇರೆ. ವಿಸ್ತರಣೆಯ ವೇಳೆಗೆ ಹಳೆಯ ದಿನಾಂಕ ಹೊತ್ತ ವಯಲ್‌ಗಳು ಆಸ್ಪತ್ರೆಗಳನ್ನು ತಲುಪಿದ್ದವು. ಎರಡು ಆದೇಶಗಳ ಸ್ವರೂಪ ಒಂದೇ ಆದರೂ, ಲೇಬಲ್ ಒಂದನ್ನು ಹಾಗೂ ಆದೇಶ ಇನ್ನೊಂದನ್ನು ಹೇಳಿದ ಕಡೆ ಮಾತ್ರ ಸಂಶಯ ಹುಟ್ಟಿತು.

ಇಂತಹ ಸಂಶಯಕ್ಕೆ ಅಂಜಿ ಲಸಿಕೆಯನ್ನೇ ನಾಶಪಡಿಸಿದ ನಿದರ್ಶನವೂ ಉಂಟು. ಆಫ್ರಿಕಾ ಒಕ್ಕೂಟದ ಮೂಲಕ ಮಲಾವಿ ದೇಶಕ್ಕೆ ದಿನಾಂಕ 26.3.2021ರಂದು ಆಸ್ಟ್ರಾಜೆನೆಕಾ ಲಸಿಕೆಯ 1,02,000 ಡೋಸ್‌ಗಳು ತಲುಪಿದವು. ಅವುಗಳ ಅವಧಿ ಏಪ್ರಿಲ್ 13ಕ್ಕೆ ಮುಗಿಯುವುದಿತ್ತು. ಬಹುಪಾಲು ಬಳಕೆಯಾಗಿ ಉಳಿದ 19,610 ಡೋಸ್‌ಗಳನ್ನು ದಿನಾಂಕ 19.5.2021ರಂದು ಸುಡಲಾಯಿತು. ಅವಧಿ ಮುಗಿದ ಲಸಿಕೆ ನೀಡಲಾಗುತ್ತಿದೆ ಎಂಬ ವದಂತಿಯಿಂದ ಜನರು ಲಸಿಕಾ ಕೇಂದ್ರಗಳಿಂದ ದೂರ ಉಳಿಯಬಾರದು ಎಂಬುದೇ ಅಲ್ಲಿನ ಅಧಿಕಾರಿಗಳು ನೀಡಿದ ಕಾರಣ. ಲಸಿಕೆ ದುರ್ಲಭವಾಗಿದ್ದ ಕಾಲದಲ್ಲಿ ಇದು ಸಣ್ಣ ನಷ್ಟವಲ್ಲ. ಆದರೆ ಜನರ ವಿಶ್ವಾಸ ಒಮ್ಮೆ ಕಳೆದರೆ ದಾಸ್ತಾನಿನಲ್ಲಿರುವ ಉಳಿದೆಲ್ಲ ಲಸಿಕೆಯೂ ವ್ಯರ್ಥವಾಗುತ್ತದೆ.

ದಿನಾಂಕವೊಂದೇ ಸಾಲದು

ಬಾಳಿಕೆ ಅವಧಿಯು ಶೀತಲ ಸರಪಳಿ ಪಾಲನೆಯಾದಾಗ ಮಾತ್ರ ಅನ್ವಯಿಸುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇರಿಸಲಾಗುತ್ತದೆ. ಬಿಸಿಲಿನಲ್ಲಿ ಉಳಿದ ಪೋಲಿಯೋ ಹನಿಯಾಗಲಿ, ಹೆಪ್ಪುಗಟ್ಟಿದ ಪೆಂಟಾವೇಲೆಂಟ್ ಲಸಿಕೆಯಾಗಲಿ ದಿನಾಂಕ ಬಾಕಿಯಿದ್ದರೂ ಬಳಕೆಗೆ ಯೋಗ್ಯವಲ್ಲ. ಇಂತಹ ಲಸಿಕೆಯನ್ನು ಯಾವ ವಿಸ್ತರಣಾ ಆದೇಶವೂ ಸರಿಪಡಿಸಲಾರದು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಲಸಿಕೆ ಪಡೆಯುವ ಮುನ್ನ ವಯಲ್‌ನ ಮೇಲಿರುವ ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ ಹಾಗೂ ಅವಧಿ ಮುಗಿಯುವ ದಿನಾಂಕವನ್ನು ತೋರಿಸುವಂತೆ ಕೇಳಬಹುದು.

2. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ವಯಲ್‌ಗಳ ಮೇಲೆ ಉಷ್ಣತಾ ಸೂಚಕವಿರುತ್ತದೆ. ವೃತ್ತದ ಒಳಗಿನ ಚೌಕವು ವೃತ್ತಕ್ಕಿಂತ ತಿಳಿ ಬಣ್ಣದ್ದಾಗಿದ್ದರೆ ಲಸಿಕೆ ಹೆಚ್ಚಿನ ಶಾಖಕ್ಕೆ ಒಳಗಾಗಿಲ್ಲ. ಚೌಕವು ವೃತ್ತದಷ್ಟೇ ಅಥವಾ ಅದಕ್ಕಿಂತ ಗಾಢವಾಗಿದ್ದರೆ ಆ ಲಸಿಕೆಯನ್ನು ಬಳಸುವಂತಿಲ್ಲ. ಹೆಪ್ಪುಗಟ್ಟಿದ್ದನ್ನು ಈ ಸೂಚಕ ತೋರಿಸುವುದಿಲ್ಲ.

3. ತೆರೆದ ವಯಲ್‌ಗೆ ಬೇರೆ ಮಿತಿಯಿದೆ. ಬಿ.ಸಿ.ಜಿ. ಹಾಗೂ ದಡಾರ-ರುಬೆಲ್ಲಾ ಲಸಿಕೆಗಳನ್ನು ದ್ರಾವಕದೊಂದಿಗೆ ಬೆರೆಸಿದ 4 ಗಂಟೆಗಳೊಳಗೆ ಬಳಸಬೇಕು. ಪೆಂಟಾವೇಲೆಂಟ್, ಹೆಪಟೈಟಿಸ್-ಬಿ ಹಾಗೂ ಪೋಲಿಯೋ ಹನಿಗಳ ತೆರೆದ ವಯಲ್‌ಗಳನ್ನು ಸರಿಯಾಗಿ ಸಂಗ್ರಹಿಸಿದಲ್ಲಿ 28 ದಿನಗಳವರೆಗೆ ಬಳಸಲು ಅವಕಾಶವಿದೆ. ಆದರೆ ಲೇಬಲ್‌ನ ದಿನಾಂಕ ಮೀರುವಂತಿಲ್ಲ.

4. ಲೇಬಲ್‌ನ ದಿನಾಂಕ ಕಳೆದಿದ್ದು, ಅವಧಿ ವಿಸ್ತರಣೆಯಾಗಿದೆ ಎಂದು ಸಿಬ್ಬಂದಿ ತಿಳಿಸಿದಲ್ಲಿ, ಆದೇಶದ ದಿನಾಂಕವನ್ನೂ ಅದು ಆ ಬ್ಯಾಚ್‌ಗೆ ಅನ್ವಯಿಸುವುದೇ ಎಂಬುದನ್ನೂ ವೈದ್ಯಾಧಿಕಾರಿಗಳಿಂದ ಕೇಳಿ ತಿಳಿಯಬಹುದು. ಉತ್ತರ ದೊರೆಯುವವರೆಗೆ ಕಾಯುವುದು ತಪ್ಪಲ್ಲ. ಆದರೆ ಮಗುವಿನ ಲಸಿಕೆಯನ್ನೇ ಕೈಬಿಡಬಾರದು.

5. ತಾಯಿ ಕಾರ್ಡ್ ಹಾಗೂ ಲಸಿಕಾ ಪ್ರಮಾಣಪತ್ರಗಳನ್ನು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು. ಮುಂದೆ ಪ್ರಶ್ನೆ ಉದ್ಭವಿಸಿದಲ್ಲಿ ಯಾವ ದಿನ ಯಾವ ಲಸಿಕೆ ಪಡೆಯಲಾಯಿತು ಎಂಬುದಕ್ಕೆ ಇವೇ ಆಧಾರ.

6. ಆದೇಶದ ಪ್ರತಿ ಬೇಕಾದವರು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ.

ಉಪಸಂಹಾರ

ಅವಧಿ ವಿಸ್ತರಣೆಯು ವಿಜ್ಞಾನಕ್ಕೆ ವಿರುದ್ಧವಾದುದಲ್ಲ. ಹೊಸ ಪುರಾವೆಯ ಆಧಾರದ ಮೇಲೆ ದಿನಾಂಕ ಬದಲಾಗುವುದು ಸಹಜ. ಆದರೆ ಆದೇಶವು ಕಚೇರಿಯ ಕಡತದಲ್ಲಿದ್ದು ಲೇಬಲ್ ಮಾತ್ರ ಜನರ ಕಣ್ಣಿಗೆ ಬಿದ್ದರೆ, ಸರಿಯಾದ ಲಸಿಕೆಯೂ ಸಂಶಯಕ್ಕೆ ಗುರಿಯಾಗುತ್ತದೆ. ದಿನಾಂಕ ಬದಲಾದಾಗ ಬ್ಯಾಚ್ ಸಂಖ್ಯೆ, ಹೊಸ ಅವಧಿ ಹಾಗೂ ಆದೇಶದ ವಿವರಗಳನ್ನು ಲಸಿಕಾ ಕೇಂದ್ರದ ಸೂಚನಾ ಫಲಕದಲ್ಲಿ ಸರಳ ಕನ್ನಡದಲ್ಲಿ ಪ್ರಕಟಿಸುವುದು ಲಸಿಕೆಯನ್ನು ತಂಪಾಗಿ ಇರಿಸುವಷ್ಟೇ ಅಗತ್ಯವಾದ ಕಾರ್ಯ. ಕೇಳುವುದು ನಾಗರಿಕರ ಹಕ್ಕು. ಕೇಳುವ ಮುನ್ನವೇ ತಿಳಿಸುವುದು ಆಡಳಿತದ ಕರ್ತವ್ಯ.