ಅಗ್ಗದ ಕ್ಲ್ಯಾಂಪೇ ಸಾಕು ಮಾರಾಯ್ರೆ!

ಮಸ್ಕತ್ತಿನಲ್ಲಿ ಕೂತು ರಜಾದಿನ ಮರಗೆಲಸ ಮಾಡೋ ನನ್ನಂಥ ಸಾಫ್ಟ್‌ವೇರಿನವರಿಗೆ ಎಲ್ಲರ ಉಪದೇಶ ಒಂದೇ: "ತಗೊಂಡ್ರೆ ಒಳ್ಳೇದನ್ನೇ ತಗೋ." ಕ್ಲ್ಯಾಂಪಿನ ವಿಷಯದಲ್ಲಿ ನಾನಿದನ್ನು ಒಪ್ಪಲ್ಲ.

ಹಲಗೆಗೆ ಅಂಟು ಹಚ್ಚಿ ಜೋಡಿಸುವಾಗ ಬೇಕಿರೋದು ಭೀಮಬಲ ಅಲ್ಲ, ಉದ್ದಕ್ಕೂ ಒಂದೇ ಸಮನಾದ ಒತ್ತಡ. ಅದಕ್ಕೆ ಎರಡು ದುಬಾರಿ ಕ್ಲ್ಯಾಂಪಿಗಿಂತ ಆರು ಅಗ್ಗದವೇ ವಾಸಿ. ಅಂಚೇ ಸೊಟ್ಟಗಿದ್ದರೆ ಜರ್ಮನಿಯ ಕ್ಲ್ಯಾಂಪೂ ಕಾಪಾಡಲ್ಲ ಬಿಡಿ.

ಇದೇ ಒಮಾನಿನ ಸೂರ್‌ನಲ್ಲಿ 1980ರಲ್ಲಿ ಕಟ್ಟಿದ 'ಸೊಹಾರ್' ಹಡಗಿನ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿದ್ದರು. ಅದು ಚೀನಾದ ತನಕ ಹೋಯ್ತು! ಬಲ ಇದ್ದದ್ದು ಯಾವುದೋ ಒಂದು ಗಂಟಿನಲ್ಲಲ್ಲ, ಸಾವಿರಾರು ಹೊಲಿಗೆಯಲ್ಲಿ.

ಹಾಗಂತ ಕಣ್ಮುಚ್ಚಿ ಕೊಳ್ಳಬೇಡಿ. ಅಂಗಡಿಯಲ್ಲೇ ಬಿಗಿದು ನೋಡಿ. ತಲೆ ಜಾರಿದರೆ, ಪಟ್ಟಿ ಬಾಗಿದರೆ ವಾಪಸ್ ಇಡಿ. ಇಲ್ಲಿಯ ಕಡಲ ಗಾಳಿಗೆ ಬೇಗ ತುಕ್ಕು ಹಿಡಿಯುತ್ತೆ, ತಿರುಪಿಗೆ ತೊಟ್ಟು ಎಣ್ಣೆ ಬಿಡ್ತಾ ಇರಿ.

ಕೊನೇ ಮಾತು. ವೀಸಾ ಮುಗಿದ ದಿನ ನಮ್ಮ ಬದುಕೆಲ್ಲ ಕಿಲೋ ಲೆಕ್ಕದ ಲಗೇಜು. ಅದರಲ್ಲಿ ಕಬ್ಬಿಣಕ್ಕೆ ಜಾಗ ಇಲ್ಲ. ಉಳಿದ ರಿಯಾಲಿಗೆ ಒಳ್ಳೇ ಸಾಗುವಾನಿ ತನ್ನಿ. ಅಮ್ಮನಿಗೆ ಮಾಡಿದ ಮಣೆ ಊರಿಗೆ ಬರುತ್ತೆ. ಕ್ಲ್ಯಾಂಪು ಪಕ್ಕದ ರೂಮಿನ ಹುಡುಗನಿಗಿರಲಿ. ಏನಂತೀರಿ?